ಷಡಕ್ಷರಿ ಬಾಯಿ ಮುಚ್ಚಿದ ದಿನ

ಕಳ್ಳಿಪಾಳ್ಯದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಚೀಟಿ ಬರೆಯುವ ಷಡಕ್ಷರಿಯ ಗಂಟಲಿಗೆ ಮೈಕು ಬೇಕಿರಲಿಲ್ಲ. ಹದಿನೈದು ವರ್ಷದಿಂದ ಅವನು ಕಿಟಕಿಯಲ್ಲಿ ಕೂತು ರೋಗಿಗಳನ್ನು ಹೆಸರಿನ ಜೊತೆ ಕಾಯಿಲೆಯನ್ನೂ ಸೇರಿಸಿಯೇ ಕೂಗುತ್ತಿದ್ದ. ಊರಲ್ಲಿ ಮೂವರು ಮಾದಸ್ವಾಮಿಗಳಿದ್ದರೆ ಯಾವ ಮಾದಸ್ವಾಮಿ ಬರಬೇಕು ಅಂತ ಗೊತ್ತಾಗಬೇಡವೇ? ಅದು ಅವನ ನ್ಯಾಯ.

ಆ ನ್ಯಾಯವೇ ಹೋದ ತಿಂಗಳು ಅವನ ಕುತ್ತಿಗೆಗೆ ಬಂತು. ಮೂವರಲ್ಲಿ ಒಬ್ಬ ಮಾದಸ್ವಾಮಿ, ಹೆಣ್ಣಿನ ಕಡೆಯವರನ್ನು ಎದುರಿನ ಪುಟ್ಟಮಲ್ಲಮ್ಮನ ಟೀ ಅಂಗಡಿಯಲ್ಲಿ ಕೂರಿಸಿಕೊಂಡು ಉಪಚಾರ ಮಾಡುತ್ತಿದ್ದ. ಆಗ ಕಿಟಕಿಯಿಂದ ಕೂಗು ಬಂತು. "ಲೇ ಹುಳುಕಡ್ಡಿ ಮಾದಸ್ವಾಮಿ! ನಿನ್ ಮುಲಾಮು ಬಂದದ, ತಕಂಡೋಗ್ಲಾ!" ಹೆಣ್ಣಿನ ಕಡೆಯವರು ಅರ್ಧ ಟೀ ಬಿಟ್ಟು ಬಸ್ಸು ಹತ್ತಿದರು.

ಮಾದಸ್ವಾಮಿ ದೂರು ಬರೆದು ಕೊಟ್ಟ. ಹೊಸದಾಗಿ ಬಂದಿದ್ದ ಡಾಕ್ಟರ್ ಸೌಮ್ಯ ಷಡಕ್ಷರಿಯನ್ನು ಕರೆಸಿ ಮೆತ್ತಗೆ ಹೇಳಿದರು. "ರೋಗಿಯ ವಿಷಯ ರೋಗಿಗೆ ಮತ್ತು ನಮಗೆ ಮಾತ್ರ. ಹೆಂಡತಿ ಕೇಳಲಿ, ಮಕ್ಕಳು ಕೇಳಲಿ, ರೋಗಿ ಒಪ್ಪದೆ ಹೇಳೋ ಹಾಗಿಲ್ಲ. ಇನ್ನೊಂದು ದೂರು ಬಂದರೆ ನಿಮ್ಮನ್ನ ಹೂಗ್ಯಂ ಆಚೆ ಕಾಡಂಚಿನ ಉಪಕೇಂದ್ರಕ್ಕೆ ಕಳಿಸಿಬಿಡ್ತೀನಿ."

ಷಡಕ್ಷರಿ ಲೆಕ್ಕ ಹಾಕಿದ. ಇಲ್ಲಾದರೆ ಆಸ್ಪತ್ರೆಯಿಂದ ಮನೆಗೆ ಹತ್ತು ಹೆಜ್ಜೆ. ಮಧ್ಯಾಹ್ನ ಹೆಂಡತಿ ವಿಜಯಮ್ಮನ ಕೈಯ ಬಿಸಿ ಮುದ್ದೆ, ಮೇಲೊಂದು ನಿದ್ದೆ. ಅಲ್ಲಾದರೆ ಸಂಜೆ ಐದಕ್ಕೆ ಆನೆಗೆ ಹೆದರಿ ಬಾಗಿಲು ಹಾಕಿಕೊಂಡು ತಾನೇ ಅನ್ನ ಬೇಯಿಸಿಕೊಳ್ಳಬೇಕು. ಬೇಡಪ್ಪಾ ಬೇಡ! ಬಾಯಿಗೆ ಬೀಗ ಹಾಕಿಕೊಂಡೇ ಬಿಡುವುದು ಅಂತ ನಿರ್ಧರಿಸಿದ.

ಆ ಸೋಮವಾರ ಬೆಳಿಗ್ಗೆ ಮೊದಲು ಬಂದವರು ಕಾಡು ಕಾವಲಿನಲ್ಲಿದ್ದು ನಿವೃತ್ತರಾದ ದೊಡ್ಡಸಿದ್ದಯ್ಯ. ಎರಡೂ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಪಕ್ಕದಲ್ಲಿ ಪಟಾಕಿ ಹೊಡೆದರೂ ಕೇಳದ ಸ್ಥಿತಿ. ಡಾಕ್ಟರು ಕಿವಿಗೆ ಹನಿ ಹಾಕಿ, ಹತ್ತಿ ತುರುಕಿ, ಚೀಟಿಯಲ್ಲಿ ಬರೆದು ತೋರಿಸಿದರು: 'ಅಲ್ಲಾಡದೆ ಮಲಗಿರಿ. ಬಾಯಿ ಆಡಿಸಬೇಡಿ, ಹನಿ ಆಚೆಗೆ ಬರುತ್ತದೆ. ನಾಲ್ಕು ಗಂಟೆಗೆ ಬನ್ನಿ, ತೊಳೆಯೋಣ.' ಮೇಲಿನವರ ಆರ್ಡರು ಅಂದರೆ ದೊಡ್ಡಸಿದ್ದಯ್ಯನಿಗೆ ಆರ್ಡರೇ. ಚೀಟಿ ಜೇಬಿಗಿಟ್ಟು, ತಲೆಗೆ ಟವೆಲು ಸುತ್ತಿಕೊಂಡು, ಕುತ್ತಿಗೆ ಅಲುಗಾಡದಂತೆ ತುಂಬಿದ ಕೊಡ ಹೊತ್ತವರ ಹಾಗೆ ನಡೆದು ಹೋದರು.

ಟೀ ಅಂಗಡಿಯ ಪುಟ್ಟಮಲ್ಲಮ್ಮ ಇದನ್ನು ನೋಡಿದಳು. ಟೀ ತರುವ ನೆಪದಲ್ಲಿ ಕಿಟಕಿಗೇ ಬಂದಳು.

"ಅಪ್ಪೋ, ದೊಡ್ಡಸಿದ್ದಯ್ನೋರಿಗೆ ಏನಾಗದ?"

"ಹೇಳಂಗಿಲ್ಲ ಕಣಮ್ಮ."

"ಅಂಗಂದ್ರೇನು? ಜರವಾ?"

"ಹೇಳಂಗಿಲ್ಲ."

"ಸುಗರ್ರಾ? ಆರ್ಟಾ?"

"ಹೇಳಂಗಿಲ್ಲ ಅಂದ್ನಲ್ಲ."

ಪುಟ್ಟಮಲ್ಲಮ್ಮ ದನಿ ತಗ್ಗಿಸಿದಳು. "ದೀಪಾವಳಿ ಗಂಟಾದ್ರೂ ಬದುಕಿರ್ತರಾ?"

"ಹೇಳಂಗಿಲ್ಲ!"

ಅವಳು ತಂದ ಟೀ ಕೊಡುವುದನ್ನೂ ಮರೆತು ಅಂಗಡಿಗೆ ಓಡಿದಳು. ಹದಿನೈದು ವರ್ಷದಲ್ಲಿ ಷಡಕ್ಷರಿ ಬಾಯಲ್ಲಿ ಬರದ ಮಾತು ಅದು. ಹುಳುಕಡ್ಡಿಯನ್ನೇ ಊರಿಗೆಲ್ಲ ಸಾರಿದವನು ಹೇಳುವುದಿಲ್ಲ ಎಂದರೆ ಅದಿನ್ನೆಂಥ ಕಾಯಿಲೆ ಇರಬೇಕು!

ಹತ್ತೂವರೆಗೆ ಸುದ್ದಿ ಮನೆ ಮುಟ್ಟಿ, ದೊಡ್ಡಸಿದ್ದಯ್ಯನ ಹೆಂಡತಿ ಮಂಚದ ಪಕ್ಕ ನಿಂತು, "ಏನಂದ್ರು ಡಾಕ್ಟ್ರು, ಒಂದ್ ಮಾತಾಡಿ" ಎಂದು ಗೋಗರೆಯುತ್ತಿದ್ದಳು. ಮುದುಕರಿಗೆ ಕೇಳಿಸಿದರೆ ತಾನೇ? ಸಂಜೆ ಕಿವಿ ಸರಿಹೋಗುತ್ತದೆ ಅಂತ ಸಮಾಧಾನ ಮಾಡೋಣ ಎನ್ನಿಸಿ, ಬಾಯಿ ಬಿಗಿಹಿಡಿದೇ ಗೋಡೆ ಗಡಿಯಾರ ತೋರಿಸಿ ನಾಲ್ಕು ಬೆರಳು ಎತ್ತಿದರು. ಹೆಂಡತಿ ಕಿಟಾರನೆ ಕಿರುಚಿದಳು. "ಅಯ್ಯೋ, ನಾಕ್ ಗಂಟೆಗಂಟ ಅಷ್ಟೇಯ ಅಂತಾವ್ರೆ ಕಣ್ರವ್ವಾ!"

ಅಷ್ಟೇ ಸಾಕಾಯಿತು. ಯಳಂದೂರಿಗೆ ಕೊಟ್ಟಿದ್ದ ಮಗಳು ದೇವಮ್ಮ ಒಂದು ಗೊನೆ ಬಾಳೆಹಣ್ಣು ಹೊತ್ತುಕೊಂಡು ಸಿಕ್ಕ ಆಟೋ ಹಿಡಿದು ಬಂದಳು. ಜಗಲಿ ತುಂಬ ಜನ. ಕುರ್ಚಿ ಬಂದವು, ಶಾಮಿಯಾನದವನು ಬಂದು ಕಂಬಕ್ಕೆ ಜಾಗ ಅಳೆದ. ಮಾದಸ್ವಾಮಿಯಂತೂ, "ತಮ್ಟೆಯೋರ್ಗೆ ಈಗ್ಲೇ ಯೇಳ್ಬುಡ್ಲಾ, ಆಮೇಕ್ ಸಿಕ್ಕಲ್ಲ" ಎಂದು ಓಡಾಡತೊಡಗಿದ. ಕಣ್ಣುಮುಚ್ಚಿ ಮಲಗಿದ್ದ ದೊಡ್ಡಸಿದ್ದಯ್ಯ ಆಗಾಗ ಕಣ್ಣು ತೆರೆದು, ಇಷ್ಟೊಂದು ಜನ ನೋಡಿ ಸಂತೋಷಪಟ್ಟು, ಮತ್ತೆ ನಾಲ್ಕು ಬೆರಳು ತೋರಿಸುತ್ತಿದ್ದರು.

ಮಧ್ಯಾಹ್ನ ದೇವಮ್ಮ ಆಸ್ಪತ್ರೆ ಕಿಟಕಿಯ ಮುಂದೆ ಕುಸಿದು ಕೂತಳು. "ಅಣ್ಣಾ, ನಿನ್ ಕಾಲ್ಗ್ ಬೀಳ್ತೀನಿ. ನಮ್ಮಪ್ಪನ್ಗೆ ಏನಾಗದ ಯೇಳಣ್ಣಾ."

ಗುಗ್ಗೆ ಕಣವ್ವ, ಬರೀ ಗುಗ್ಗೆ! ಮಾತು ಷಡಕ್ಷರಿಯ ನಾಲಿಗೆಯ ತುದಿಗೆ ಬಂತು. ಜೊತೆಗೇ ಆನೆಯೂ ಕಣ್ಣ ಮುಂದೆ ಬಂತು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಡಾಕ್ಟರ ಕೋಣೆಗೆ ಓಡಿದ. "ಮೇಡಂ, ಒಂದೇ ಒಂದು ಮಾತು ಹೇಳ್ಬಿಡ್ಲಾ? ಪಾಪ ಮೇಡಂ."

"ರೋಗಿ ಒಪ್ಪಿದರೆ ಧಾರಾಳವಾಗಿ ಹೇಳಿ," ಎಂದರು ಡಾಕ್ಟರು. ಲಸಿಕೆ ಹಾಕಿಸಿಕೊಳ್ಳಲು ಬಂದ ಕೂಸುಗಳ ಅರಚಾಟದಲ್ಲಿ ಅವರಿಗೆ ಹೊರಗಿನ ಗಲಾಟೆ ಕೇಳಿಸಿಯೇ ಇರಲಿಲ್ಲ.

ಷಡಕ್ಷರಿ ಊಟವನ್ನೂ ಬಿಟ್ಟು ದೊಡ್ಡಸಿದ್ದಯ್ಯನ ಮನೆಗೆ ಓಡಿದ. ಅವರ ಮುಂದೆ ನಿಂತು ತನ್ನ ಕಿವಿ ಮುಟ್ಟಿದ, ಜನರನ್ನು ತೋರಿಸಿದ, ಕೈ ಮುಗಿದ. ದೊಡ್ಡಸಿದ್ದಯ್ಯ ಪ್ರೀತಿಯಿಂದ ನಕ್ಕು ನಾಲ್ಕು ಬೆರಳು ಎತ್ತಿದರು. ಸುತ್ತಲೂ ಗೊಳೋ ಎಂದು ಅಳು ಎದ್ದಿತು. "ಕಿವಿ ಮುಟ್ಟಿ ತಪ್ಪಾಯ್ತು ಅಂತ ಕೇಳ್ಕಂಡ ಕಣ್ರಿ ಸಡಕ್ಸರಿ. ಇನ್ ಉಳಿಯಲ್ಲ ಅಂತ್ಲೇ ಲೆಕ್ಕ," ಎಂದಳು ಪುಟ್ಟಮಲ್ಲಮ್ಮ.

ನಾಲ್ಕಕ್ಕೆ ಸರಿಯಾಗಿ ದೊಡ್ಡಸಿದ್ದಯ್ಯ ಎದ್ದು, ಕುತ್ತಿಗೆ ಅಲ್ಲಾಡಿಸದೆ ಆಸ್ಪತ್ರೆಗೆ ಹೊರಟರು. ಹಿಂದೆ ಇಡೀ ಊರು ಅಳುತ್ತಾ ಹೊರಟಿತು. ಡಾಕ್ಟರು ಪಿಚಕಾರಿಯಲ್ಲಿ ಬೆಚ್ಚನೆ ನೀರು ಹೊಡೆದರು. ಹುಣಸೆ ಬೀಜದಷ್ಟು ದಪ್ಪನೆಯ ಗುಗ್ಗೆ ತಟ್ಟೆಗೆ ಬಿತ್ತು. ದೊಡ್ಡಸಿದ್ದಯ್ಯ ತಟ್ಟೆ ಹಿಡಿದೇ ಹೊರಗೆ ಬಂದರು.

"ಯಾಕ್ರಲಾ ಇಂಗ್ ಅರಚ್ಕತಿದ್ದರಿ? ಕಿವಿ ಕಿತ್ತೋಗದ! ನೋಡಿ, ಗುಗ್ಗೆ!"

ಅಳು ಗಕ್ಕನೆ ನಿಂತಿತು. ಷಡಕ್ಷರಿ ಕಿಟಕಿಯಲ್ಲಿ ಉಸಿರು ಬಿಟ್ಟ. ಗೆದ್ದೆ! ಒಂದು ಮಾತೂ ಆಡಲಿಲ್ಲ, ಒಂದು ದೂರೂ ಇಲ್ಲ.

ಆದರೆ ಬೆಳಗಿನಿಂದ ಅತ್ತವರಿಗೆ ಸುಮ್ಮನೆ ಮನೆಗೆ ಹೋಗಲು ಮನಸ್ಸಾಗಬೇಕಲ್ಲ. ಪುಟ್ಟಮಲ್ಲಮ್ಮ ಷಡಕ್ಷರಿಯನ್ನೇ ದಿಟ್ಟಿಸಿದಳು. "ಬರೀ ಗುಗ್ಗೆ ಅಂತ ಯೇಳಾಕೂ ಬಾಯ್ ಬರ್ನಿಲ್ಲ. ಊಟ ಬುಟ್ಟವ್ನೆ, ಬೆವರ್ತಾವ್ನೆ. ಇವ್ನಿಗೇ ಏನೋ ಆಗದ ಕಣ್ರಿ!"

"ನನಗೇನೂ ಆಗಿಲ್ಲ!"

"ಎಲ್ರೂ ಅಂಗೇ ಅನ್ನದು," ಎಂದಳು ದೇವಮ್ಮ. ವಿಜಯಮ್ಮ ಆಗಲೇ ಸೆರಗನ್ನು ಬಾಯಿಗೆ ಒತ್ತಿಕೊಂಡು ಓಡಿ ಬಂದಿದ್ದಳು.

ಷಡಕ್ಷರಿಗೆ ರೇಗಿಹೋಯಿತು. "ಮೇಡಂ, ಇವರೆಲ್ಲರ ಮುಂದೆ ನನ್ನ ಪರೀಕ್ಷೆ ಮಾಡಿ. ಚೆನ್ನಾಗಿದ್ದೀನಿ ಅಂತ ಹೇಳಿಬಿಡಿ!"

ಡಾಕ್ಟರು ಅವನನ್ನು ಒಳಗೆ ಕೂರಿಸಿ ಪರದೆ ಎಳೆದರು. ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದರು. ನೋಡಿದರು. ಮತ್ತೊಮ್ಮೆ ಒತ್ತಿದರು. ಅವರ ನಗು ಮಾಯವಾಯಿತು. "ಷಡಕ್ಷರಿ, ನೂರಾ ಎಂಬತ್ತು ಇದೆ. ಇವತ್ತೇ ಮಾತ್ರೆ ಶುರು ಮಾಡಿ. ಈ ಗಲಾಟೆಯಲ್ಲಿ ನೀವು ಇರಕೂಡದು. ತಣ್ಣಗೆ, ನಿಶ್ಶಬ್ದವಾಗಿರೋ ಜಾಗ ಬೇಕು." ಸ್ವಲ್ಪ ಯೋಚಿಸಿ ಮುಖ ಅರಳಿಸಿದರು. "ಹೂಗ್ಯಂ ಆಚೆಯ ಉಪಕೇಂದ್ರ! ಆರು ತಿಂಗಳಿಗೆ ಬರೆದುಕೊಡ್ತೀನಿ. ಇಷ್ಟು ಚೆನ್ನಾಗಿ ಗುಟ್ಟು ಕಾಪಾಡಿದ್ದೀರಿ, ಇಷ್ಟೂ ಮಾಡದಿದ್ದರೆ ಹೇಗೆ?"

ಹೊರಗೆ ಬರುತ್ತಲೇ ಜನ ಮುತ್ತಿದರು. "ಏನಾಗದ ಮೇಡಂ ನಮ್ ಸಡಕ್ಸರಿಗೆ?"

"ಹೇಳೋ ಹಾಗಿಲ್ಲ," ಎಂದರು ಡಾಕ್ಟರು.

"ಬೀಪಿ ಕಣ್ರಲಾ! ಬರೀ ಬೀಪಿ!" ಷಡಕ್ಷರಿ ಇಡೀ ದಿನ ತಡೆದಿದ್ದ ಗಂಟಲೆಲ್ಲ ಬಿಟ್ಟು ಕೂಗಿದ.

"ಪಾಪ, ನಮ್ಗೇ ಧೈರ್ಯ ಯೇಳ್ತಾವ್ನೆ," ಎಂದು ಪುಟ್ಟಮಲ್ಲಮ್ಮ ಮೂಗು ಒರೆಸಿಕೊಂಡಳು. ದೇವಮ್ಮ ಯಳಂದೂರಿನ ಬಾಳೆಗೊನೆಯನ್ನು ತಂದು ಅವನ ಕೈಗಿಟ್ಟಳು.

ಹೊಸ ಕಿವಿ ಬಂದಿದ್ದ ದೊಡ್ಡಸಿದ್ದಯ್ಯನಿಗೆ ಪರದೆಯ ಹಿಂದಿನದೆಲ್ಲ ಸ್ಪಷ್ಟವಾಗಿ ಕೇಳಿಸಿತ್ತು. ಅವರು ಷಡಕ್ಷರಿಯ ಬೆನ್ನು ಸವರಿ ಕಿವಿಯಲ್ಲಿ ಪಿಸುಗುಟ್ಟಿದರು. "ಯೋಚ್ನ ಮಾಡ್ಬ್ಯಾಡ ಕಣಪ್ಪ. ಹೂಗ್ಯಂ ಬಸ್ಸು ಎಷ್ಟೊತ್ಗೆ ಅಂತ ನಂಗೊತ್ತು." ಗುಟ್ಟು ರಟ್ಟಾಗಬಾರದೆಂದು ಅಲ್ಲಿಗೇ ಬಾಯಿ ಬಿಗಿಹಿಡಿದು, ಎಲ್ಲರ ಮುಂದೆ ನಾಲ್ಕು ಬೆರಳು ಎತ್ತಿ ತೋರಿಸಿದರು.