ಪಾರಿವಾಳಕ್ಕೊಂದು ಬೋರ್ಡು

ಊರಿನ ಅರ್ಧ ಅಂಗಡಿಗಳ ಬೋರ್ಡು ಬರೆದವನು ಅವನೇ. ಮನೆಯಲ್ಲೇ ಬಟ್ಟೆ ಹೊಲಿಯುವ ಅವನ ಹೆಂಡತಿ ಮಾತ್ರ ಮದುವೆಯಾದಾಗಿನಿಂದ ತನಗೂ ಒಂದು ಬೋರ್ಡು ಕೇಳುತ್ತಲೇ ಇದ್ದಳು. "ಬರೆದ್ರಾಯ್ತು ಬಿಡೇ, ಎಲ್ಲಿಗೆ ಓಡಿಹೋಗುತ್ತೆ?" ಎನ್ನುತ್ತಿದ್ದ. ಬೋರ್ಡು ಓಡಿಹೋಗಲಿಲ್ಲ, ನಿಜ, ಬರಲೂ ಇಲ್ಲ.

ಅಂಥವನಿಗೆ ಒಂದು ಭಾನುವಾರ ಜೀವದಯೆ ಉಕ್ಕಿ ಬಂತು. ಬಾಲ್ಕನಿಯ ಖಾಲಿ ಕುಂಡದಲ್ಲಿ ಪಾರಿವಾಳವೊಂದು ಮೊಟ್ಟೆಯಿಟ್ಟು ಕೂತಿತ್ತು. ಪಕ್ಕದಲ್ಲೇ ಹೆಂಡತಿಯ ಹೊಲಿಗೆ ಮಷೀನು ಗಡಗಡ ಎನ್ನುತ್ತಿತ್ತು. (ಆ ಮನೆಯಲ್ಲಿ ನೆಟ್ಟಗೆ ಬೆಳಕು ಬೀಳುವ ಜಾಗ ಅದೊಂದೇ.)

"ಪ್ರಕೃತಿಯಿಂದ ಎಷ್ಟು ದೂರ ಬಂದ್ಬಿಟ್ಟಿದ್ದೀವಿ ನೋಡು! ಕಾವು ಕೂತಿರೋ ತಾಯಿ ಪಕ್ಕ ಈ ಗಲಾಟೆನಾ? ತೆಗಿ ಮಷೀನು!"

"ಅದು ಗೂಡು ಕಟ್ಟಿರೋದೇ ನನ್ನ ದಾರದ ಚೂರಲ್ಲಿ ಕಣ್ರೀ. ನಾನು ಹೊಲೀತಿರುವಾಗ್ಲೇ ಬಂದು ಎತ್ಕೊಂಡು ಹೋಗ್ತಿತ್ತು."

"ಮೂಕಪ್ರಾಣಿ ಕಷ್ಟ ನಿಂಗೇನು ಗೊತ್ತು?"

"ನಂಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರುತ್ತೆ?"

ಅವನಿಗೆ ಇದು ಕೇಳಿಸಲಿಲ್ಲ. ಮಷೀನನ್ನು ಅಡುಗೆಮನೆಯ ಕತ್ತಲೆ ಮೂಲೆಗೆ ಎಳೆಯುವುದರಲ್ಲಿದ್ದ.

ಸಂಜೆಯೊಳಗೆ ಪಾರಿವಾಳಕ್ಕೆ ಬೋರ್ಡು ತಯಾರಾಗಿ ಬಾಲ್ಕನಿಯ ಬಾಗಿಲಿಗೆ ನೇತುಬಿತ್ತು! ಹಳದಿ ಹಿನ್ನೆಲೆ, ಕೆಂಪು ಅಕ್ಷರ, ಅಕ್ಷರಕ್ಕೆ ಕಪ್ಪು ನೆರಳು: 'ತಾಯಿ ಕೂತಿದ್ದಾಳೆ. ಬಾಗಿಲು ತಟ್ಟಬೇಡಿ. ಕಾಳು, ನೀರು ಇಟ್ಟು ಸದ್ದಿಲ್ಲದೆ ಹೋಗಿ.'

ಹೆಂಡತಿ ಅದನ್ನು ಬಹಳ ಹೊತ್ತು ನೋಡಿದಳು. "ನೆರಳು ಬೇರೆ ಕೊಟ್ಟಿದ್ದೀರಿ" ಎಂದಳಷ್ಟೆ. ಆಮೇಲೆ ಕತ್ತಲೆ ಮೂಲೆಗೆ ಹೋಗಿ ಬೆರಳಿಗೆ ಸೂಜಿ ಚುಚ್ಚಿಸಿಕೊಂಡಳು.

ಬೋರ್ಡು ಬೇರೆಯವರಿಗೆ. ಕಪೋತರಕ್ಷಣಾ ಮಹಾಯಜ್ಞದ ಯಜಮಾನನಿಗೆ ಅದು ಅನ್ವಯಿಸುತ್ತದೆಯೇ? ಗಳಿಗೆಗೊಮ್ಮೆ ಬಾಗಿಲು ತೆರೆದು ಇಣುಕಿದ. ಕೊಕ್ಕಿನ ಹತ್ತಿರ ಮೊಬೈಲು ಹಿಡಿದು ಫೋಟೋ ತೆಗೆದ. ಬಿಸಿಲು ತಾಗುತ್ತದೆಂದು ಕುಂಡವನ್ನು ಆಚೆ ಸರಿಸಿದ, ಗಾಳಿ ಬೀಸುತ್ತದೆಂದು ಈಚೆ ಎಳೆದ. ವಾರ ತುಂಬುವ ಮೊದಲೇ ಪಾರಿವಾಳ ಗೂಡು ಬಿಟ್ಟು ಹಾರಿಹೋಯಿತು. ಮೊಟ್ಟೆಗಳು ತಣ್ಣಗಾದವು.

"ಅದು ನನ್ನ ಮಷೀನಿಗೆ ಹೆದರಲಿಲ್ಲ. ನಿಮ್ಮ ದಯೆಗೆ ಹೆದರಿ ಓಡ್ತು" ಎಂದಳು ಹೆಂಡತಿ. ಅವಳ ಕಣ್ಣಲ್ಲಿ ನೀರಿತ್ತು. ಅದು ಪಾರಿವಾಳಕ್ಕಾಗಿ ಎಂದೇ ಅವನು ತಿಳಿದುಕೊಂಡ.

ಮರುದಿನ ಕೆಲಸ ಮುಗಿಸಿ ಹಸಿದು ಬಂದರೆ ಒಲೆ ಹಚ್ಚಿದ ಸುಳಿವೇ ಇಲ್ಲ. ಅಡುಗೆಮನೆಯ ಮೂಲೆ ಖಾಲಿ. ಬಾಲ್ಕನಿಯ ಬಾಗಿಲು ಮುಚ್ಚಿದೆ, ಅದರ ಮೇಲೆ ಅವನದೇ ಬೋರ್ಡು. ಒಳಗೆ ಮಷೀನು ಗಡಗಡ ಎನ್ನುತ್ತಿದೆ. ಗಾಜಿನಾಚೆ, ಅದೇ ಪಾರಿವಾಳವೋ ಅದರ ನೆಂಟನೋ, ಒಂದು ಹಕ್ಕಿ ಅವಳ ಕಾಲ ಬಳಿಯೇ ದಾರ ಹೆಕ್ಕುತ್ತಿದೆ.

"ಲೇ, ಊಟ..." ಎಂದು ಬಾಗಿಲು ತಟ್ಟಲು ಕೈಯೆತ್ತಿದ.

ರವಿಕೆಯ ಅಳತೆ ಕೊಡಲು ಬಂದು ಬಾಗಿಲ ಈಚೆ ಕುರ್ಚಿಯಲ್ಲಿ ಕಾಯುತ್ತಿದ್ದ ಪಕ್ಕದ ಮನೆಯ ಅಜ್ಜಿ ತುಟಿಗೆ ಬೆರಳಿಟ್ಟು ಗದರಿದರು:

"ಶ್! ಅಷ್ಟು ದಪ್ಪಕ್ಕೆ ಬರ್ದಿದಾರಲ್ಲಪ್ಪಾ, ಓದೋಕೆ ಬರಲ್ವಾ ನಿಂಗೆ?"

ಬೋರ್ಡು ಬರೆಯುವವನು ತಾನು ಬರೆದದ್ದನ್ನು ಮೊದಲ ಸಲ ಕೊನೆಯವರೆಗೂ ಓದಿದ. ಒಂದು ಲೋಟ ನೀರು ತಂದು ಬಾಗಿಲ ಬಳಿ ಇಟ್ಟು, ಸದ್ದಿಲ್ಲದೆ ಹೋದ.