ಡ್ರೈವರಣ್ಣನ ಬಾಕ್ಸಿಂಗ್ ರಜೆ

ಖಾಸಗಿ ಬಸ್ಸಿನ ಕಂಡಕ್ಟರನಿಗೆ ನಗುವುದಕ್ಕೆ ಬೇರೆ ಏರ್ಪಾಡು ಬೇಕಾಗುವುದಿಲ್ಲ. ಬಾಗಿಲು ತೆಗೆದರೆ ಸಾಕು, ಪ್ರತಿ ಸ್ಟಾಪಿನಲ್ಲೂ ಒಂದಲ್ಲ ಒಂದು ಪ್ರಸಂಗ ತಾನಾಗಿ ಹತ್ತಿಕೊಳ್ಳುತ್ತದೆ, ಟಿಕೆಟ್ ಮಾತ್ರ ತೆಗೆಯುವುದಿಲ್ಲ.

ನಮ್ಮದು ನರಸಿಂಹರಾಜಪುರದಿಂದ ಕೊಪ್ಪದ ಮೇಲೆ ಶೃಂಗೇರಿಗೆ ಹೋಗುವ ಬಸ್ಸು. ಊರೆಲ್ಲ ಕ್ರಿಕೆಟ್ ಮಾತಾಡುವಾಗ ನಮ್ಮ ಬಸ್ಸಿನ ಮುಂದಿನ ಸೀಟುಗಳಲ್ಲಿ ಮಾತ್ರ ಬಾಕ್ಸಿಂಗ್ ಮಾತು. ಈ ಹುಚ್ಚು ಹಚ್ಚಿದವನು ನಮ್ಮ ಡ್ರೈವರ್. ಯಾವ ಬಾಕ್ಸರ್ ಯಾವ ರೌಂಡಿನಲ್ಲಿ ಯಾವ ಕೈಯಲ್ಲಿ ಹೊಡೆದ ಎನ್ನುವುದು ಅವನ ನಾಲಿಗೆ ತುದಿಯಲ್ಲಿದೆ. ಹೆಂಡತಿ ತರಲು ಹೇಳಿದ ಸಾಮಾನು ಮಾತ್ರ ನೆನಪಿರುವುದಿಲ್ಲ.

ಆದರೆ ಪಾಪ, ಒಂದೇ ಒಂದು ಚಾಂಪಿಯನ್‌ಶಿಪ್ ಫೈಟನ್ನೂ ಅವನು ನಡೆಯುತ್ತಿರುವಾಗಲೇ ನೋಡಿದವನಲ್ಲ. ಅಮೆರಿಕದವರು ಶನಿವಾರ ರಾತ್ರಿ ಹೊಡೆದಾಡಿದರೆ ನಮಗದು ಭಾನುವಾರ ಬೆಳಿಗ್ಗೆ. ಆ ಹೊತ್ತಿಗೆ ಇವನ ಎರಡೂ ಕೈ ಸ್ಟೀರಿಂಗ್ ಮೇಲೆ. ಮಧ್ಯಾಹ್ನ ಫೋನಿನಲ್ಲಾದರೂ ನೋಡೋಣ ಎಂದು ಯಾರ ಮಾತೂ ಕಿವಿಗೆ ಬೀಳದ ಹಾಗೆ ಬರುತ್ತಾನೆ. ಕೊಪ್ಪ ಸ್ಟ್ಯಾಂಡಿನಲ್ಲಿ ಯಾರಾದರೊಬ್ಬ ಕಿಟಕಿಗೆ ತಲೆ ಹಾಕಿ, "ಬಿದ್ದ ಮಾರಾಯ, ಆರನೇ ರೌಂಡಿಗೇ ಬಿದ್ದ" ಎಂದು ಹೇಳಿಯೇ ಹೋಗುತ್ತಾನೆ. ಅಲ್ಲಿಂದ ಶೃಂಗೇರಿಯವರೆಗೆ ನಮ್ಮ ಬಸ್ಸಿನ ಹಾರನ್ ಕೇಳಬೇಕು, ದನಕರುಗಳೂ ಬೇಸರ ಮಾಡಿಕೊಳ್ಳುತ್ತವೆ.

ಈ ಸಲ ಹೆವಿವೇಟ್ ಪಟ್ಟ. ಚಾಂಪಿಯನ್ನೂ ಸೋತವನಲ್ಲ, ಎದುರಾಳಿಯೂ ಸೋತವನಲ್ಲ. ಡ್ರೈವರ್ ಶಪಥ ಮಾಡಿದ: "ಈ ಸಲ ಬೀಳೋದನ್ನ ಬೀಳ್ವಾಗ್ಲೇ ನೋಡ್ಬೇಕು. ಇಲ್ಲ ಅಂದ್ರೆ ಇನ್ಮೇಲೆ ಬಾಕ್ಸಿಂಗ್ ಹೆಸ್ರೇ ಎತ್ತಲ್ಲ."

ರಜೆ ಕೇಳಿದ್ದು

ನಮ್ಮ ಬಸ್ ಓನರ್ ಎರಡೇ ಕಾರಣಕ್ಕೆ ರಜೆ ಕೊಡುವವರು: ಮನೆಯಲ್ಲಿ ಮದುವೆಯಾಗಬೇಕು, ಇಲ್ಲ ಯಾರಾದರೂ ಸಾಯಬೇಕು. ಅಜ್ಜಿಯೊಬ್ಬರನ್ನು ಸಾಯಿಸಿಬಿಡು ಎಂದು ನಾನು ಸಲಹೆ ಕೊಟ್ಟೆ. ಡ್ರೈವರ್ ಒಪ್ಪಲಿಲ್ಲ. ಇರುವ ಅಜ್ಜಿಯರನ್ನೆಲ್ಲ ಹಿಂದಿನ ಫೈಟುಗಳಿಗೇ ಮುಗಿಸಿದ್ದನಂತೆ, ಓನರ್ ನಂಬದೆ ರಜೆ ಕೊಟ್ಟಿರಲಿಲ್ಲವಂತೆ. ಹಾಗಾಗಿ ನೇರವಾಗಿ ಹೋಗಿ ನಿಂತು, "ಭಾನುವಾರ ಬೆಳಿಗ್ಗೆ ಬಾಕ್ಸಿಂಗ್ ಇದೆ, ರಜೆ ಬೇಕಿತ್ತು" ಎಂದ.

ಓನರ್ ಗಾಬರಿಯಾಗಿ ಕನ್ನಡಕ ತೆಗೆದರು. "ಯಾರ ಜೊತೆ?"

"ಚಾಂಪಿಯನ್ ಜೊತೆ."

"ನಮ್ ಲೈನಿನವನಾ?"

"ಅಲ್ಲ ಸಾರ್, ಅಮೆರಿಕದವನು."

ಓನರ್ ನನ್ನ ಮುಖ ನೋಡಿದರು. ಹೊಡೆದಾಡುವುದು ಇವನಲ್ಲ, ಇವನು ಟಿವಿಯಲ್ಲಿ ನೋಡುವವನು ಎಂದು ನಾನು ಬಿಡಿಸಿ ಹೇಳಬೇಕಾಯಿತು. ಅವರಿಗೆ ಜೀವ ಬಂತು. "ನೋಡೋಕಾ? ಹಂಗಂತ ಮೊದ್ಲೇ ಹೇಳ್ಬಾರ್ದಾ. ನಾನು ಬಸ್ಸಿಗೆ ಏನಾದ್ರೂ ಪೆಟ್ಟಾಗುತ್ತಾ ಅಂತ ಹೆದ್ರಿದ್ದೆ" ಎಂದರು. ಡ್ರೈವರನಿಗೆ ಆಗುವ ಪೆಟ್ಟಿನ ವಿಚಾರ ಅವರ ತಲೆಗೆ ಬಂದೇ ಇರಲಿಲ್ಲ. ಆ ಭಾನುವಾರ ಕಡಹಿನಬೈಲಿನಿಂದ ಶೃಂಗೇರಿಗೆ ಒಂದು ಮದುವೆ ದಿಬ್ಬಣದ ಬಾಡಿಗೆ ಒಪ್ಪಿಕೊಂಡಾಗಿತ್ತು. ರಿಟೈರ್ ಆಗಿದ್ದ ಹಳೇ ಡ್ರೈವರ್ ಒಬ್ಬರನ್ನು ಒಪ್ಪಿಸಿದ ಮೇಲೆ ರಜೆ ಮಂಜೂರಾಯಿತು.

ತೂಕ ನೋಡಿದ್ದು

ಫೈಟಿಗೆ ಮುಂಚೆ ಬಾಕ್ಸರುಗಳ ತೂಕ ನೋಡುವ ಶಾಸ್ತ್ರವಿದೆ. ಅದನ್ನು ಫೋನಿನಲ್ಲಿ ನೋಡಿದ ಮೇಲೆ, ತಾನು ಯಾವ ವರ್ಗಕ್ಕೆ ಸೇರುತ್ತೇನೆಂದು ತಿಳಿಯುವ ಆಸೆ ನಮ್ಮ ಡ್ರೈವರನಿಗೆ ಹುಟ್ಟಿತು. ಜಯಪುರದ ಅಡಿಕೆ ಮಂಡಿಯಲ್ಲಿ ತೂಕ ಮಾಡುವವನೂ ನಮ್ಮ ಬಾಕ್ಸಿಂಗ್ ಕೂಟದವನೇ. ಇಬ್ಬರೂ ಅಲ್ಲಿಗೇ ಹೋದೆವು.

ಡ್ರೈವರ್ ಅಂಗಿ ಬಿಚ್ಚಿ, ಹೊಟ್ಟೆ ಒಳಗೆಳೆದುಕೊಂಡು, ಥೇಟ್ ಬಾಕ್ಸರನ ಹಾಗೆ ಎರಡೂ ತೋಳು ಮಡಚಿ ತಕ್ಕಡಿ ಹತ್ತಿದ. ತಕ್ಕಡಿ ಎಂಬತ್ತಮೂರು ತೋರಿಸಿತು. ತೂಕದವನು ಗಟ್ಟಿಯಾಗಿ "ಎಂಬತ್ತೆರಡು" ಎಂದ.

"ಎಂಬತ್ಮೂರು ಇದೆಯಲ್ಲ ಮಾರಾಯ?" ಎಂದೆ.

"ಚೀಲದ ತೂಕ ಕಳ್ದಿದೀನಿ."

ಚೀಲವೇ ಇಲ್ಲ ಎಂದರೆ ಡ್ರೈವರನ ಪ್ಯಾಂಟಿನ ಕಡೆ ಕೈ ತೋರಿಸಿದ. ಮಂಡಿಯಲ್ಲಿ ಇಷ್ಟು ವರ್ಷ ನಿಂತವನು, ಏನನ್ನೇ ತೂಗಿದರೂ ಸ್ವಲ್ಪ ಕಳೆಯದಿದ್ದರೆ ಅವನಿಗೆ ನಿದ್ದೆ ಬರುವುದಿಲ್ಲ. "ಆಯ್ತು, ನಾನ್ ಯಾವ ವರ್ಗ ಅದನ್ನ ಹೇಳು" ಎಂದು ಡ್ರೈವರ್ ಎದೆ ಉಬ್ಬಿಸಿದ. ತೂಕದವನು ಸುತ್ತ ಒಂದು ಸಲ ಬಂದು, ಅಡಿಕೆ ಒಣಗಿದೆಯೇ ಎಂದು ನೋಡುವ ಹಾಗೆ ಹೊಟ್ಟೆಯನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿದ. ಬೆರಳು ಒಳಗೆ ಹೋಯಿತು.

"ವರ್ಗ ಆಮೇಲೆ ನೋಡಣ" ಎಂದ. "ಇದಕ್ಕೆ ಇನ್ನೂ ಎರಡು ಬಿಸಿಲು ಬೇಕು."

ಮೇಷ್ಟ್ರು ಅರ್ಥ ಹೇಳಿದ್ದು

ಮುಂದಿನ ಸೀಟಿನ ಕಾಯಂ ಗಿರಾಕಿ ಒಬ್ಬರು ರಿಟೈರ್ಡ್ ಮೇಷ್ಟ್ರು. ತಾಳಮದ್ದಲೆಯಲ್ಲಿ ಅರ್ಥ ಹೇಳುವವರು. ಕೃಷ್ಣನೋ ಕೌರವನೋ ಆಗಿ ಎದುರಾಳಿಯ ಜೊತೆ ಕೂತು ಬರೀ ಮಾತಿನಲ್ಲೇ ಯುದ್ಧ ಮಾಡುವವರು. ಇಬ್ಬರು ಬಾಕ್ಸರುಗಳು ಪತ್ರಕರ್ತರ ಎದುರು ಒಬ್ಬರನ್ನೊಬ್ಬರು ಬೈದಾಡುವ ವಿಡಿಯೋ ಬಂದಿತ್ತು. ಬಸ್ಸು ಕೊಪ್ಪದಲ್ಲಿ ನಿಂತಿದ್ದಾಗ ಡ್ರೈವರ್ ಅದನ್ನು ಮೇಷ್ಟ್ರಿಗೆ ತೋರಿಸಿದ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಪೀಠಿಕೆಯೇ ಇಲ್ವಲ್ಲ" ಎಂದರು ಬೇಸರದಿಂದ. "ಬಾಯಿ ತೆಗೆದ ಕೂಡಲೇ ಅಮ್ಮನ ತನಕ ಹೋಗಿಬಿಟ್ಟ. ಮೊದ್ಲು ಎದುರಿನವನ್ನ ಹೊಗಳ್ಬೇಕು. ಅವನ ವಂಶ ಹೊಗಳ್ಬೇಕು. ಅವನು ಉಬ್ಬಿ ಕೂತ ಮೇಲೆ ಸೂಜಿ ಚುಚ್ಬೇಕು."

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಚಾಂಪಿಯನ್ ಹೇಗೆ ಮಾತಾಡಬೇಕಿತ್ತು ಎಂದು ತೋರಿಸಲು ಶುರು ಮಾಡಿದರು. "ಅಯ್ಯಾ ಮುಷ್ಟಿಯುದ್ಧ ಪ್ರವೀಣನೇ" ಎಂದು ಹಿಡಿದ ಮಾತು ಬಸ್ಸು ಹೊರಟರೂ ನಿಲ್ಲಲಿಲ್ಲ. ಅವರು ಇಳಿಯುವ ಊರು ಬಂದು ಹೋಯಿತು. ಚಾಂಪಿಯನ್ ಇನ್ನೂ ಎದುರಾಳಿಯ ಮುತ್ತಜ್ಜನನ್ನು ಹೊಗಳುತ್ತಿದ್ದ. ಹಿಂದಿನ ಸೀಟಿನ ಹೆಂಗಸೊಬ್ಬರು, "ಇವ್ರಿಬ್ರೂ ಇಷ್ಟು ಚೆನ್ನಾಗಿದ್ದ ಮೇಲೆ ಹೊಡ್ಕೊಳ್ಳೋದ್ಯಾಕೆ?" ಎಂದು ನನ್ನನ್ನು ಕೇಳಿದರು.

ಡ್ರೈವರನಿಗೆ ತಡೆಯಲಾಗಲಿಲ್ಲ. "ಮೇಷ್ಟ್ರೇ, ಅಲ್ಲಿ ಮೂರು ನಿಮಿಷಕ್ಕೆ ಗಂಟೆ ಹೊಡ್ದುಬಿಡ್ತಾರೆ. ಹೊಡೆದ ಕೂಡ್ಲೆ ನಿಲ್ಲಿಸ್ಬೇಕು" ಎಂದ.

"ನನಗೂ ಎಷ್ಟೋ ಊರಲ್ಲಿ ಗಂಟೆ ಹೊಡ್ದಿದಾರೆ" ಎಂದರು ಮೇಷ್ಟ್ರು. "ನಾನು ನಿಲ್ಲಿಸಿದ್ದಿಲ್ಲ."

ಕರೆಂಟಿಗೆ ಕಾವಲು ಹಾಕಿದ್ದು

ಭಾನುವಾರ ಬೆಳಿಗ್ಗೆ ಕೊಪ್ಪ ಬಸ್‌ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಟಿವಿ ಇಟ್ಟು ನೋಡುವುದೆಂದು ತೀರ್ಮಾನವಾಯಿತು. ಇದ್ದ ಭಯವೆಲ್ಲ ಕರೆಂಟಿನದು. ಅದಕ್ಕೆ ಡ್ರೈವರ್ ಒಂದು ಉಪಾಯ ಮಾಡಿದ. ಲೈನ್‌ಮನ್‌ನನ್ನೇ ಕರೆದು ಟಿವಿ ಮುಂದೆ ಕೂರಿಸಿ, ಮಸಾಲೆ ದೋಸೆ ಕೊಡಿಸುವುದು. ಲೈನ್‌ಮನ್ ನಮ್ಮ ಪಕ್ಕದಲ್ಲೇ ಇರುವಾಗ ಕರೆಂಟು ಹೇಗೆ ಹೋಗುತ್ತದೆ ಎಂಬುದು ಅವನ ವಾದ. ಎಲ್ಲರೂ ತಲೆಯಾಡಿಸಿದರು.

ದೊಡ್ಡ ಫೈಟಿಗೆ ಮುಂಚೆ ಸಣ್ಣಪುಟ್ಟ ಜೋಡಿಗಳ ಫೈಟುಗಳು ಸಾಲಾಗಿ ನಡೆಯುತ್ತವೆ. ನಸುಕಿಗೇ ಬಂದು ಕೂತ ನಮ್ಮವರು ಅವನ್ನೂ ಬಿಡಲಿಲ್ಲ. ಹೆಸರು ಗೊತ್ತಿಲ್ಲದಿದ್ದರೂ ಹಸಿರು ಚಡ್ಡಿ, ಕೆಂಪು ಚಡ್ಡಿ ಎಂದು ಪಕ್ಷ ಕಟ್ಟಿಕೊಂಡು ಕೂಗಿದರಂತೆ. ಮೇಷ್ಟ್ರು ಇವನ್ನೆಲ್ಲ ಯಕ್ಷಗಾನದ ಆಟ ಶುರುವಾಗುವ ಮುಂಚಿನ ಕೋಡಂಗಿ ಕುಣಿತ ಎಂದು ತೀರ್ಮಾನಿಸಿ, ಮುಖ್ಯ ವೇಷ ಬಂದಾಗ ಎಬ್ಬಿಸಿ ಎಂದು ಮಲಗಿಬಿಟ್ಟರಂತೆ.

ನಾನು ದಿಬ್ಬಣದ ಬಸ್ಸಿನಲ್ಲಿ ಕೊಪ್ಪ ಮುಟ್ಟಿ, ಹೋಟೆಲಿಗೆ ಕಾಲಿಡುವ ಹೊತ್ತಿಗೆ ಟಿವಿ ಕಪ್ಪಗಿತ್ತು. ಚಾಂಪಿಯನ್ ಇನ್ನೇನು ಒಳಗೆ ಬರಬೇಕು, ಕರೆಂಟು ಹೋಗಿದೆ. ಎಲ್ಲರೂ ಲೈನ್‌ಮನ್‌ನನ್ನು ನೋಡುತ್ತಿದ್ದಾರೆ. ಅವನು ದೋಸೆ ನೋಡುತ್ತಿದ್ದಾನೆ.

ಹೋಟೆಲಿನವರಿಗೆ ಸಿಟ್ಟು ಬಂತು. ಗಲ್ಲಾದ ಹತ್ತಿರ ಬರೆದಿಟ್ಟಿದ್ದ ದೂರಿನ ನಂಬರಿಗೆ ಫೋನ್ ಮಾಡಿದರು. ಲೈನ್‌ಮನ್ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಅವನು ಎಡಗೈಯಲ್ಲಿ ತೆಗೆದು, "ಹೇಳಿ" ಎಂದ.

"ಬಸ್‌ಸ್ಟ್ಯಾಂಡ್ ಹತ್ರ ಕರೆಂಟ್ ಹೋಗಿದೆ" ಎಂದರು ಹೋಟೆಲಿನವರು, ನಾಲ್ಕು ಮಾರು ದೂರದಿಂದ ಅವನ ಮುಖವನ್ನೇ ನೋಡುತ್ತ.

"ಲೈನ್‌ಮನ್ ಬೇರೆ ಕೆಲಸದಲ್ಲಿದಾರೆ" ಎಂದು ಇವನು ಫೋನಿನಲ್ಲೇ ಉತ್ತರ ಕೊಟ್ಟ. "ದೋಸೆ ಮುಗೀತಿದ್ದಂಗೆ ಬರ್ತಾರೆ."

ಕೊನೆಗೂ ನೋಡಿದ್ದು

ಲೈನ್‌ಮನ್ ಕೈ ತೊಳೆದು ಕಂಬ ಹತ್ತಲು ಹೋದ. ಅಷ್ಟರಲ್ಲಿ ಮದುಮಗನ ಅಜ್ಜಿ ಬಸ್ಸಿಳಿದು ಹೋಟೆಲಿಗೇ ನುಗ್ಗಿದರು. ಅವರ ಸಿಟ್ಟಿಗೆ ಕಾರಣವಿತ್ತು. ನಮ್ಮ ರಿಟೈರ್ಡ್ ಡ್ರೈವರ್ ಕಡಹಿನಬೈಲಿನಿಂದ ಕೊಪ್ಪದವರೆಗೆ ಎರಡನೇ ಗೇರಿಗಿಂತ ಮೇಲೆ ಹೋಗಿರಲಿಲ್ಲ. ಒಂದು ಸೈಕಲ್ ನಮ್ಮನ್ನು ಹಿಂದೆ ಹಾಕಿತ್ತು.

"ಎಂತ ಮಾರಾಯ, ನೀ ಇಲ್ಲಿ ಕೂತಿದೀಯ?" ಎಂದು ಅಜ್ಜಿ ನಮ್ಮ ಡ್ರೈವರನನ್ನು ಹಿಡಿದರು. "ನಿನಗೆ ಜ್ವರ ಅಂತ ಈ ಕಂಡಕ್ಟರು ಹೇಳಿದ್ನಲ್ಲ?"

ನಾನು ಕ್ಯಾಲೆಂಡರ್ ನೋಡುತ್ತ ನಿಂತೆ.

"ಫೈಟ್ ನೋಡ್ತಿದ್ದೆ ಅಜ್ಜಿ" ಎಂದ ಡ್ರೈವರ್.

"ಕಪ್ಪು ಟಿವಿಯಲ್ಲಿ ಎಂತ ಫೈಟು? ಏಳು. ಆ ಪುಣ್ಯಾತ್ಮನ ಕೈಲಿ ಬಸ್ ಬಿಡ್ಸಿದ್ರೆ ನಾವು ಮದುವೆಗಲ್ಲ, ಸೀಮಂತಕ್ಕೆ ಮುಟ್ತೀವಿ."

ಮುಹೂರ್ತದ ಪ್ರಶ್ನೆ. ಹೆಣ್ಣಿನ ಕಡೆಯವರು ಕಾಯುತ್ತಿದ್ದರು. ಡ್ರೈವರ್ ಟಿವಿಯನ್ನೊಮ್ಮೆ, ಕಂಬದ ಮೇಲಿದ್ದ ಲೈನ್‌ಮನ್‌ನನ್ನೊಮ್ಮೆ ನೋಡಿ ಎದ್ದು ಬಂದ. ಬಸ್ಸು ಸ್ಟ್ಯಾಂಡ್ ಬಿಡುವುದಕ್ಕೂ ಕರೆಂಟು ಬರುವುದಕ್ಕೂ ಸರಿಹೋಯಿತು. ಹೋಟೆಲಿನಿಂದ ಎದ್ದ ಹೋ ಎಂಬ ಕೂಗು ಬಸ್ಸಿನವರೆಗೂ ಕೇಳಿಸಿತು. ಡ್ರೈವರ್ ಹಾರನ್ನೂ ಹೊಡೆಯಲಿಲ್ಲ.

ಮದುಮಗ ಪೇಟ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದ. ಕೊಪ್ಪ ದಾಟಿ ಸ್ವಲ್ಪ ದೂರದಲ್ಲಿ, ಫೋನಿಗೆ ಸಿಗ್ನಲ್ ಚೆನ್ನಾಗಿ ಸಿಗುವ ಒಂದು ತಿರುವಿದೆ. ಅಲ್ಲಿಗೆ ಬಂದದ್ದೇ ತಡ, ಅವನು ಶಲ್ಯದೊಳಗಿಂದ ಫೋನು ತೆಗೆದು, "ಡ್ರೈವರಣ್ಣ, ನಿಲ್ಸಿ ನಿಲ್ಸಿ, ಎರಡನೇ ರೌಂಡ್" ಎಂದ.

ನಮ್ಮ ಬಸ್ಸಿನ ಬ್ರೇಕು ಅಷ್ಟು ಚೆನ್ನಾಗಿ ಹಿಡಿದದ್ದನ್ನು ನಾನು ಮೊದಲ ಸಲ ನೋಡಿದೆ.

"ಮಾಣಿ, ಮುಹೂರ್ತ" ಎಂದು ಅಜ್ಜಿ ಕಿರುಚಿದರು.

"ಮದುವೆ ನಂದೇ ಅಲ್ವಾ ಅಜ್ಜಿ? ನಾನಿಲ್ದೆ ಶುರು ಮಾಡಲ್ಲ."

ಡ್ಯಾಶ್‌ಬೋರ್ಡಿನ ಗಣಪತಿ ಫೋಟೋಕ್ಕೆ ಫೋನು ಒರಗಿಸಿದರು. ಇಡೀ ದಿಬ್ಬಣ ಮುಂದೆ ಬಗ್ಗಿ ನಿಂತಿತು. ದಾರಿಯಲ್ಲಿ ಹೋಗುವವರೊಬ್ಬರು ಪೂಜೆ ನಡೆಯುತ್ತಿದೆ ಎಂದುಕೊಂಡು ಚಪ್ಪಲಿ ಬಿಟ್ಟು ಕೈಮುಗಿದು ಹೋದರು. ಅಜ್ಜಿಯೂ ಎಂಜಿನ್ ಮೇಲೆ ಕೂತು ಕನ್ನಡಕ ಸರಿಮಾಡಿಕೊಂಡರು. ರೌಂಡು ಮುಗಿದಾಗ ಬಾಕ್ಸರನನ್ನು ಸ್ಟೂಲಿನ ಮೇಲೆ ಕೂರಿಸಿ, ಒಬ್ಬ ನೀರು ಕುಡಿಸಿ, ಒಬ್ಬ ಮುಖ ಒರೆಸಿ, ಒಬ್ಬ ಗಾಳಿ ಹಾಕುವುದನ್ನು ನೋಡಿ, "ಇಷ್ಟು ಉಪಚಾರ ಮಾಡೋರಿದ್ರೆ ನಾನೂ ನಾಲ್ಕು ಪೆಟ್ಟು ತಿಂತಿದ್ದೆ" ಎಂದರು. ಬಿದ್ದವನು ಹತ್ತು ಎಣಿಸುವುದರೊಳಗೆ ಏಳದಿದ್ದರೆ ಸೋತ ಹಾಗೆ ಎಂದು ಡ್ರೈವರ್ ಅವರಿಗೆ ವಿವರಿಸಿದ.

ಐದನೇ ರೌಂಡಿನಲ್ಲಿ ಎದುರಾಳಿಯ ಎಡಗೈ ಎಲ್ಲಿಂದ ಬಂತೋ, ಚಾಂಪಿಯನ್ ಕುಸಿದ. ಇಡೀ ಬಸ್ಸು ಇಂಗ್ಲಿಷಿನಲ್ಲಿ ಹತ್ತು ಎಣಿಸಿತು, ಅಜ್ಜಿ ಕನ್ನಡದಲ್ಲಿ. ಅವನು ಏಳಲಿಲ್ಲ. ನಮ್ಮ ಡ್ರೈವರ್ ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡ. "ಬೀಳ್ವಾಗ್ಲೇ ನೋಡ್ದೆ ಮಾರಾಯ" ಎಂದು ನನಗೆ ಎರಡೆರಡು ಸಲ ಹೇಳಿದ. ಅವನಿಗಿಂತ ಹೆಚ್ಚು ಖುಷಿ ನನಗಾಗಿತ್ತು. ಆಮೇಲೆ ಗೇರು ಹಾಕಿದವನು ಶೃಂಗೇರಿಯ ಕಲ್ಯಾಣ ಮಂಟಪದ ಬಾಗಿಲಲ್ಲೇ ಬ್ರೇಕು ಒತ್ತಿದ್ದು.

ಮುಹೂರ್ತ ತಪ್ಪಲಿಲ್ಲ. ಆದರೆ ಮದುಮಗಳು ಕಾದು ಕಾದು ಕೆಂಡವಾಗಿದ್ದಳು. ಅಂತರಪಟ ಸರಿದ ಕೂಡಲೇ ಗಂಡು ಹೆಣ್ಣು ಒಬ್ಬರ ತಲೆಗೊಬ್ಬರು ಜೀರಿಗೆ ಬೆಲ್ಲ ಹಾಕಬೇಕಲ್ಲ, ಅವಳು ಇದ್ದ ಸಿಟ್ಟನ್ನೆಲ್ಲ ಮುದ್ದೆ ಕಟ್ಟಿ ಬೀಸಿ ಹೊಡೆದಳು. ಮದುಮಗನ ತಲೆಯಲ್ಲಿ ಫೈಟು ಇನ್ನೂ ಇಳಿದಿರಲಿಲ್ಲ. ಎರಡೂ ಮುಷ್ಟಿ ಮುಖಕ್ಕೆ ಅಡ್ಡ ತಂದು, ಸೊಂಟ ಬಗ್ಗಿಸಿ ತಪ್ಪಿಸಿಕೊಂಡ. ಮುದ್ದೆ ನೇರ ಹೋಗಿ ಅಂತರಪಟ ಸರಿಸಿ ಅವನ ಹಿಂದೆ ನಿಂತಿದ್ದ ಪುರೋಹಿತರ ಹುಬ್ಬಿಗೆ ಬಡಿಯಿತು. ಅವರು ಹಣೆ ಹಿಡಿದುಕೊಂಡು ಮಣೆಯ ಮೇಲೆ ಕೂತುಬಿಟ್ಟರು.

ವಾಲಗದವರೂ ಬಾಯಿಂದ ನಾಗಸ್ವರ ತೆಗೆದರು. ಮಂಟಪಕ್ಕೆ ಮಂಟಪವೇ ಗಪ್‌ಚಿಪ್. ಆ ಮೌನದಲ್ಲಿ ಹಿಂದಿನ ಸಾಲಿನಿಂದ ನಮ್ಮ ಡ್ರೈವರನ ಗಂಭೀರ ಸ್ವರ ಕೇಳಿಸಿತು: "ಒನ್... ಟೂ... ತ್ರೀ..."

ಎಂಟಕ್ಕೆ ಪುರೋಹಿತರು ಎದ್ದು ನಿಂತು ಮಂತ್ರ ಮುಂದುವರಿಸಿದರು.