ಅತ್ತೆಯ ವಾರ್ಡಿನಲ್ಲಿ ಹದಿನಾಲ್ಕು ಜನ

ನಮ್ಮ ಅತ್ತೆಯ ಮನೆಗೆ ನೀವು ಆರೋಗ್ಯವಂತರಾಗಿ ಹೋಗಬಹುದು. ಆರೋಗ್ಯವಂತರಾಗಿ ಹೊರಗೆ ಬರಲು ಮಾತ್ರ ಸಾಧ್ಯವಿಲ್ಲ! ಹಾಗೆಂದು ಅವರೇನೂ ನಿಮಗೆ ಕೆಡುಕು ಮಾಡುವವರಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ನಿಮ್ಮ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಜಗ್ಗಿ, "ರಕ್ತ ಕಡಿಮಿ ಐತಿ" ಎನ್ನುತ್ತಾರೆ, ಅಷ್ಟೇ. ಒಮ್ಮೆ ಲಗ್ನಪತ್ರಿಕೆ ಕೊಡಲು ಬಂದ ಮದುಮಗನೊಬ್ಬ ಅವರ ಮನೆಯಿಂದ ನೇರವಾಗಿ ರಕ್ತ ಪರೀಕ್ಷೆಗೆ ಹೋದ. ಅವನಿಗೆ ಸಕ್ಕರೆ ಕಾಯಿಲೆ ಇಲ್ಲವೆಂದು ವರದಿ ಬಂದಾಗ ಅತ್ತೆಯ ಮುಖ ಬಾಡಿದ್ದನ್ನು ನಾನೇ ನೋಡಿದ್ದೇನೆ.

ಈ ಅತ್ತೆ ನಮ್ಮಪ್ಪನ ಅಕ್ಕ. ಮದುವೆಯಾಗಲಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದು, ಈಗ ಬಾಗಲಕೋಟೆಯ ನವನಗರದಲ್ಲಿ ಸ್ವಂತ ಮನೆ ಕಟ್ಟಿಸಿಕೊಂಡು ಒಬ್ಬರೇ ಇದ್ದಾರೆ. ಸರ್ಕಾರ ಅವರನ್ನು ನಿವೃತ್ತಗೊಳಿಸಿ ಆರು ವರ್ಷವಾಯಿತು. ಆ ಆದೇಶ ಅವರಿಗೆ ಇನ್ನೂ ತಲುಪಿದಂತಿಲ್ಲ!

ಇಂಥವರ ಮನೆಯಲ್ಲಿ ಚರ್ಚಿನ ಹುಡುಗ ಹುಡುಗಿಯರು ಕ್ರಿಸ್‌ಮಸ್ ಹಿಂದಿನ ರಾತ್ರಿ ಕಳೆಯುವುದೆಂದರೆ ಏನು? ಪ್ರತಿ ವರ್ಷ ನಮ್ಮ ಯುವಜನ ಸಂಘದವರು ಆ ರಾತ್ರಿ ಚರ್ಚಿನ ಹಿಂದಿನ ಹಾಲ್‌ನಲ್ಲಿ ಸೇರಿ, ಆಟವಾಡಿ, ಮರುದಿನ ಆರಾಧನೆಗೆ ಬರುವವರಿಗೆಲ್ಲ ಹಂಚಲು ಕರ್ಚಿಕಾಯಿ ಮಾಡಿ, ಅಲ್ಲೇ ಮಲಗುತ್ತಾರೆ. ಈ ಸಲ ಹಾಲ್‌ನ ನೆಲ ಕಿತ್ತು ಹಾಕಿದ್ದರು. "ಯಾರಾದರೂ ಜಾಗ ಕೊಟ್ಟರೆ..." ಎಂದು ಪಾಸ್ಟರ್ ಭಾನುವಾರ ಪ್ರಕಟಣೆ ಓದುತ್ತಿದ್ದಂತೆ ಮೂರನೆಯ ಬೆಂಚಿನಿಂದ ಅತ್ತೆ ಎದ್ದು ನಿಂತರು.

"ನಮ್ಮ ಮನ್ಯಾಗ ಹದಿನಾಲ್ಕ ಮಂದಿಗಿ ಜಾಗಾ ಐತ್ರಿ."

ಸಂಘದಲ್ಲಿ ಇದ್ದವರೂ ಸರಿಯಾಗಿ ಹದಿನಾಲ್ಕೇ ಜನ. ತಪ್ಪಿಸಿಕೊಳ್ಳಲು ಯಾರಿಗೂ ದಾರಿ ಉಳಿಯಲಿಲ್ಲ. ಸಂಘದ ಕಾರ್ಯದರ್ಶಿ, ಗಡ್ಡ ಬಿಟ್ಟ ಹುಡುಗ, ಆ ಸಂಜೆ, ಬಾದಾಮಿಯಲ್ಲಿ ಶಾಲಾ ಶಿಕ್ಷಕಿಯಾಗಿರುವ ನನಗೆ ಫೋನ್ ಮಾಡಿದ. "ಮೇಡಂ, ನಿಮಗ ಸಾಲಿ ಸೂಟಿ ಐತಲ್ರಿ, ಹೆಂಗರೆ ಮಾಡಿ ನೀವೂ ಬಂದಬಿಡ್ರಿ. ನಿಮ್ಮ ಅತ್ತಿ ಎಲ್ಲಾರೂ ಹೊಟ್ಟಿ ಖಾಲಿ ಇಟ್ಕೊಂಡ ಬರ್ರಿ ಅಂದಾರ. ಊಟಕ್ಕೋ, ಆಪರೇಷನ್‌ಕ್ಕೋ, ತಿಳೀವಲ್ದು!"

ನಾನು ಹೋದೆ. ಹೋಗುವಷ್ಟರಲ್ಲಿ ಮನೆ ವಾರ್ಡಾಗಿ ಹೋಗಿತ್ತು! ಒಳಗಿನ ದೊಡ್ಡ ಕೋಣೆ ಹುಡುಗಿಯರಿಗೆ, ಮಹಡಿಯ ಕೋಣೆ ಹುಡುಗರಿಗೆ. ಸಾಲಾಗಿ ಚಾಪೆ, ಪ್ರತಿ ಚಾಪೆಯ ತಲೆಯ ಕಡೆ ಗೋಡೆಗೆ ನಂಬರಿನ ಚೀಟಿ, ಪಕ್ಕದಲ್ಲಿ ಮುಚ್ಚಳ ಹಾಕಿದ ನೀರಿನ ತಂಬಿಗೆ. ಮೆಟ್ಟಿಲಿನ ಬುಡಕ್ಕೆ ಅಡ್ಡವಾಗಿ ಅತ್ತೆಯ ಮಂಚ, ಮಂಚದ ಮೇಲೆ ಬ್ಯಾಟರಿ ದೀಪ. ಅದನ್ನು ದಾಟಿ ಒಂದು ಬೆಕ್ಕೂ ಮೇಲಿನಿಂದ ಕೆಳಗೆ ಬರುವ ಹಾಗಿರಲಿಲ್ಲ.

ಸಂಜೆಯ ಪ್ರಾರ್ಥನೆ ಮುಗಿಸಿ ಹುಡುಗ ಹುಡುಗಿಯರು ಬಂದರು. ಬಾಗಿಲಲ್ಲೇ ಬಿ.ಪಿ. ತಪಾಸಣೆ! ಕಾರ್ಯದರ್ಶಿಯ ಬಿ.ಪಿ. ಏರಿತ್ತು. ಏರದೆ ಇನ್ನೇನು?

"ತಮ್ಮಾ, ನಿನಗ ಇವತ್ತ ಉಪ್ಪಿನಕಾಯಿ ಇಲ್ಲ," ಎಂದು ಅತ್ತೆ ತೀರ್ಪು ಕೊಟ್ಟರು.

"ಆಂಟಿ, ನಿಮ್ಮನ್ನ ನೋಡೇ ಏರೇತ್ರಿ ಅದು!"

"ಹಂಗಾದ್ರ ನನ್ನ ಕಡೆ ನೋಡಬ್ಯಾಡ. ಉಪ್ಪಿನಕಾಯಿನೂ ತಿನಬ್ಯಾಡ."

ಊಟವಾದ ಮೇಲೆ ಮ್ಯೂಸಿಕಲ್ ಚೇರ್. ಹಾಡು ನಿಂತಾಗ ಕುರ್ಚಿ ಸಿಗದವರು ಹೊರಗೆ ಹೋಗುವ ಆಟ ಎಂದು ವಿವರಿಸಿದರೆ ಅದು ಅತ್ತೆಯ ತಲೆಗೇ ಹೋಗಲಿಲ್ಲ. ಒಬ್ಬ ಹುಡುಗ ಕುರ್ಚಿಗಾಗಿ ನುಗ್ಗಿ ದೊಪ್ಪನೆ ನೆಲಕ್ಕೆ ಬಿದ್ದ. ಅತ್ತೆ ಕುರ್ಚಿಯ ಮೇಲಿದ್ದವನನ್ನು ಎಬ್ಬಿಸಿ, ಬಿದ್ದವನನ್ನು ಕೂರಿಸಿದರು.

"ಆಂಟಿ, ಅಂವಾ ಔಟ್ ಆದಾನ್ರಿ!" ಎಲ್ಲರೂ ಕೂಗಿದರು.

"ಬಿದ್ದಾಂವಗ ಅಲ್ಲೇನೋ ಕುರ್ಚಿ ಬೇಕಾಗೂದು? ನಿಂತಾಂವಗ ಯಾಕ ಬೇಕು?"

ಆಟ ಅಲ್ಲಿಗೆ ಮುಗಿಯಿತು. ಗೆದ್ದವನು ಬಿದ್ದವನೇ!

ಆಮೇಲೆ ಕರ್ಚಿಕಾಯಿ. ಎಲ್ಲರೂ ಕೈಯನ್ನು ಮೊಣಕೈವರೆಗೆ ಎರಡೆರಡು ಬಾರಿ ಸಾಬೂನು ಹಚ್ಚಿ ತೊಳೆಯಬೇಕಾಯಿತು. ಲಟ್ಟಿಸಿದ ಹಾಳೆಗೆ ಕೊಬ್ಬರಿ, ಪುಟಾಣಿ, ಬೆಲ್ಲದ ಹೂರಣ ತುಂಬಿ ಅಂಚು ಮಡಚುವುದನ್ನು ಅತ್ತೆ ತೋರಿಸಿಕೊಟ್ಟರು. "ಹೊಲಿಗಿ ಹಾಕಿದಂಗ ಇರಬೇಕು. ಬಿಚ್ಚಿತು ಅಂದ್ರ ಕೇಸ್ ಕೆಟ್ಟಂಗ." ಎಣ್ಣೆಯಲ್ಲಿ ಬಾಯಿ ಬಿಟ್ಟ ಕರ್ಚಿಕಾಯಿಗಳ 'ಕೇಸ್' ಯಾರದೆಂದು ವಿಚಾರಣೆ ನಡೆದು, ಆರೋಪಿಗಳೇ ಅವನ್ನು ತಿಂದು ಮುಗಿಸಿದರು. ಆಮೇಲೆ ಎಲ್ಲರೂ ಬೇಕೆಂದೇ ಸಡಿಲವಾಗಿ ಮಡಚತೊಡಗಿದ್ದು ಬೇರೆ ಮಾತು.

ಹತ್ತೂವರೆಗೆ ಹೊರಗೆ ಬೈಕ್ ನಿಂತ ಸದ್ದಾಯಿತು. ಗೇಟಿನಲ್ಲಿ ತಲೆಗೆ ಟವೆಲ್ ಸುತ್ತಿಕೊಂಡ ಒಬ್ಬರು ನಿಂತಿದ್ದರು. ಹತ್ತಿರದ ಶಿರೂರಿನಿಂದ ಕಾಲೇಜಿಗೆ ಬಂದುಹೋಗುವ ಹುಡುಗಿಯೊಬ್ಬಳು ಆ ವರ್ಷವೇ ಸಂಘ ಸೇರಿದ್ದಳು; ಅವಳ ತಂದೆ. ಮಧ್ಯಾಹ್ನ ಅತ್ತೆಯೇ ಫೋನಿನಲ್ಲಿ ಮಾತಾಡಿ ಒಪ್ಪಿಸಿದ್ದರು. ಕತ್ತಲಾದ ಮೇಲೆ ಒಪ್ಪಿಗೆ ಕರಗಿತ್ತು.

"ಮಗಳನ್ನ ಕರ್ಕೊಂಡ ಹೋಗಾಕ ಬಂದೇನ್ರಿ ಅಕ್ಕಾರ."

"ಇದು ಭೇಟಿ ಟೈಮ್ ಅಲ್ರಿ," ಎಂದರು ಅತ್ತೆ, ಗೇಟು ತೆರೆಯದೆ. "ಬೆಳಿಗ್ಗಿ ಬರ್ರಿ."

"ನನ್ನ ಮಗಳು ಪೇಷಂಟ್ ಅಲ್ರಿ!"

"ಆಕಿ ಅಲ್ಲ. ಮಾರಿ ನೋಡಿದ್ರ ಪೇಷಂಟ್ ನೀವ ಅನಸ್ತೈತಿ. ಊಟ ಮಾಡೀರೇನ?"

ಹುಡುಗಿ ಹಿಟ್ಟಿನ ಕೈಯಲ್ಲೇ ಬಂದು ಅತ್ತೆಯ ಹಿಂದೆ ನಿಂತಳು. ತಂದೆ ಅವಳನ್ನು ನೋಡಿ, ಮೆಲ್ಲನೆ ಹೇಳಿದರು:

"ಆಕಿ ತಾಯಿ ಹೋದಾಗಿಂದ ಒಂದ ರಾತ್ರಿನೂ ಆಕಿನ್ನ ಬಿಟ್ಟ ಇದ್ದಿಲ್ರಿ. ಮನ್ಯಾಗ ಕುಂದ್ರಾಕ ಆಗಲಿಲ್ಲ."

ಅತ್ತೆ ಗೇಟು ತೆರೆದರು. ರೊಟ್ಟಿ, ಪಲ್ಯ ಬಡಿಸಿ ಉಣ್ಣಿಸಿದರು. ಕೈ ತೊಳೆಸಿದರು, ಮೊಣಕೈವರೆಗೆ, ಎರಡು ಬಾರಿ. ಆಮೇಲೆ ಅವರ ಮುಂದೆ ಒಂದು ಕರ್ಚಿಕಾಯಿ ಹಾಳೆ ಇಟ್ಟರು. ಆ ಮನುಷ್ಯ ಅದಕ್ಕೆ ಹಾಕಿದ ಹೊಲಿಗೆ ಇದೆಯಲ್ಲ, ಅತ್ತೆಯೇ ಕನ್ನಡಕ ಏರಿಸಿ ನೋಡಿದರು!

"ಎಲ್ಲಿ ಕಲಿತೀರಿ ಇದನ್ನ?"

"ಜೋಳದ ಚೀಲ ಹೊಲದು ಹೊಲದು ರೂಢಿ ಐತ್ರಿ."

ಮಗಳು ಎಷ್ಟೋ ಹೊತ್ತಿನ ಮೇಲೆ ನಕ್ಕಳು. ತಂದೆಗೆ ಮಹಡಿಯಲ್ಲಿ ಹದಿನೈದನೆಯ ನಂಬರಿನ ಚೀಟಿ ಬರೆಯಲಾಯಿತು.

ಕೆಲಸ ಮುಗಿಯುವ ಹೊತ್ತಿಗೆ ಒಬ್ಬೊಬ್ಬರೂ ತಮ್ಮ ಮರೆಯಲಾಗದ ಕ್ರಿಸ್‌ಮಸ್ ಬಗ್ಗೆ ಹೇಳಬೇಕೆಂದಾಯಿತು. ಕೇಕ್ ನಾಯಿ ತಿಂದದ್ದು, ನಕ್ಷತ್ರದ ದೀಪ ಕಟ್ಟುವಾಗ ಮಾಳಿಗೆಯಿಂದ ಬಿದ್ದದ್ದು, ಎಲ್ಲ ಬಂತು. ಶಿರೂರಿನ ಹುಡುಗಿ ಕೇಳಿದಳು, "ಆಂಟಿ, ನಿಮ್ದು ಹೇಳ್ರಿ."

"ನಂದೇನೈತಿ? ಪ್ರತಿ ವರ್ಷ ಇದ ರಾತ್ರಿ ನನಗ ನೈಟ್ ಡ್ಯೂಟಿ ಇರ್ತಿತ್ತು."

"ಪ್ರತಿ ವರ್ಷ ಯಾಕ್ರಿ?"

"ಉಳದವರಿಗೆಲ್ಲಾ ಮಕ್ಕಳಿದ್ವು. ಮನ್ಯಾಗ ಹಾದಿ ಕಾಯ್ತಿದ್ವು. ನನ್ನ ಹಾದಿ ಯಾರ ಕಾಯ್ತಿದ್ರು? ನಾ ಹಾಕ್ಕೋತೇನಿ ಅಂತಿದ್ದೆ. ಹನ್ನೆರಡಕ್ಕ ಚರ್ಚಿನ ಗಂಟಿ ಕೇಳಿಸ್ತಿತ್ತು. ಅದು ಹನ್ನೆರಡರ ಇಂಜೆಕ್ಷನ್ ಟೈಮ್." ಅವರು ಎದ್ದು ಸೆರಗು ಕೊಡವಿಕೊಂಡರು. "ಸಾಕಿನ್ನ. ಎಲ್ಲಾರೂ ಅವರವರ ನಂಬರಿಗಿ ನಡೀರಿ."

ಹುಟ್ಟಿದಂದಿನಿಂದ ಮೂವತ್ತೆಂಟು ವರ್ಷ ಅವರ ಸೋದರಸೊಸೆಯಾಗಿದ್ದೇನೆ. ಪ್ರತಿ ಕ್ರಿಸ್‌ಮಸ್ಸಿಗೂ ಮನೆಯಲ್ಲಿ, "ಆಕಿಗಿ ಮಂದಿಗಿಂತ ದವಾಖಾನಿನ ಹೆಚ್ಚು" ಎಂದು ಎಲ್ಲರೊಂದಿಗೆ ನಾನೂ ನಕ್ಕಿದ್ದೇನೆ. ಒಮ್ಮೆಯೂ ಕೇಳಿರಲಿಲ್ಲ, ಯಾಕೆ ಎಂದು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನಸುಕಿನಲ್ಲಿ ಅಡುಗೆಮನೆಯಲ್ಲಿ ದೀಪ ಉರಿಯಿತು. ನೋಡಿದರೆ ಅತ್ತೆ ಸ್ಟೀಲ್ ಡಬ್ಬಿಗೆ ಕರ್ಚಿಕಾಯಿ ತುಂಬುತ್ತಿದ್ದಾರೆ.

"ಎಲ್ಲಿಗಿ ಹೊಂಟಿ ಅತ್ತಿ?"

"ಇಲ್ಲೇ ದವಾಖಾನಿಗಿ. ನೈಟ್ ಡ್ಯೂಟಿ ಹುಡುಗ್ಯಾರ ಇರ್ತಾವು. ಲಗೂನ ಬರ್ತೇನಿ, ಯಾರನ್ನೂ ಎಬ್ಬಸಬ್ಯಾಡ."

ಆದರೆ ಶಿರೂರಿನ ಹುಡುಗಿ ಆಗಲೇ ಎದ್ದು ಬಾಗಿಲಲ್ಲಿ ನಿಂತಿದ್ದಳು. ಅವಳು ಪಕ್ಕದವಳನ್ನು ಎಬ್ಬಿಸಿದಳು, ಅವಳು ಮತ್ತೊಬ್ಬಳನ್ನು. ಸದ್ದಿಗೆ ಎದ್ದು ಮೆಟ್ಟಿಲಿಳಿದು ಹುಡುಗರು ಬಂದರು, ಅವಳ ತಂದೆಯೂ ಬಂದರು. ಚಳಿಗೆ ಚಾದರ ಹೊದ್ದುಕೊಂಡೇ ಎಲ್ಲರೂ ಅತ್ತೆಯ ಹಿಂದೆ ಹೊರಟರು. "ಇಷ್ಟ ಮಂದಿ ಬರಾಕ ಅದೇನ ಮದವಿ ಮನೀ?" ಎಂದು ಅತ್ತೆ ದಾರಿಯುದ್ದಕ್ಕೂ ಬೈದರು. ಯಾರೂ ಹಿಂದಿರುಗಲಿಲ್ಲ.

ದವಾಖಾನೆಯ ಹೆಂಗಸರ ವಾರ್ಡಿನ ಹೊರಗೆ, ಕಟ್ಟೆಯ ಹತ್ತಿರ ನಿಂತು, ಒಳಗಿನವರಿಗೆ ತೊಂದರೆಯಾಗದಂತೆ ಮೆಲುದನಿಯಲ್ಲಿ ಎಲ್ಲರೂ ಹಾಡತೊಡಗಿದರು. ಬಾಗಿಲು ತೆರೆದು ಒಬ್ಬ ಎಳೆಯ ನರ್ಸ್ ಹೊರಗೆ ಬಂದಳು. ಇಡೀ ರಾತ್ರಿ ನಿದ್ದೆಗೆಟ್ಟ ಕಣ್ಣುಗಳು. ಅತ್ತೆ ಡಬ್ಬಿಯನ್ನು ಅವಳ ಕೈಗಿಟ್ಟು, ಭುಜ ಹಿಡಿದು ಕಟ್ಟೆಯ ಮೇಲೆ ಕೂರಿಸಿದರು.

"ಹತ್ತ ನಿಮಿಷ ಕುಂತ ತಿನ್ನವಾ. ಬಾಗಲದಾಗ ನಾ ನಿಂದರ್ತೇನಿ. ಯಾರರೆ ಕರದ್ರ ಹೇಳ್ತೇನಿ."

ಅವಳು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಮಕ್ಕಳ ಹಾಗೆ ಕಾಲು ಇಳಿಬಿಟ್ಟು ತಿನ್ನುತ್ತ ಹಾಡು ಕೇಳಿದಳು. ಅತ್ತೆ ವಾರ್ಡಿನ ಬಾಗಿಲಲ್ಲಿ ನಮ್ಮ ಕಡೆ ಬೆನ್ನು ಮಾಡಿ, ಒಳಗಿನ ಹಾಸಿಗೆಗಳತ್ತ ನೋಡುತ್ತ ನಿಂತಿದ್ದರು. ಒಮ್ಮೆ ಮಾತ್ರ ಸೆರಗಿನಿಂದ ಮುಖ ಒರೆಸಿಕೊಂಡರು.

ಹಾಡಿಗೆ ಇದ್ದದ್ದು ಮೂರೇ ಚರಣ. ಮುಗಿದಾಗ ಅವಳ ಹತ್ತು ನಿಮಿಷ ಇನ್ನೂ ಆಗಿರಲಿಲ್ಲ. ನಾವು ಅದನ್ನೇ ಮತ್ತೆ ಮೊದಲಿನಿಂದ ಹಾಡಿದೆವು.